ಮೆಹಂದಿಯ ಕೆಳಗೆ

“ಈ ಬಣ್ಣದ ಕೆಳಗ ಏನೈತಿ ಅಂತ ಯಾರಿಗರ ಕಾಣಸ್ತೈತೇನು?”

ಗುಲ್ಶನ ಕೇಳಿದ್ದು ಯಾರನ್ನೂ ಅಲ್ಲ. ಕುಷ್ಟಗಿಯ ಆ ಸಣ್ಣ ಆಸ್ಪತ್ರೆಯ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಎರಡೂ ಕೈಗಳಿಗೆ ಮೊಣಕೈ ದಾಟಿ ತೋಳಿನವರೆಗೂ ದಟ್ಟ ಮೆಹಂದಿ. ನಾಳೆ ಅವಳ ನಿಕಾಹ್! ಮುಂಜಾನೆ ಹನುಮಸಾಗರದ ಮನೆಯಲ್ಲಿ ಹೆಂಗಸರು ಹಾಡುತ್ತಿರುವಾಗಲೇ ಕುಸಿದು ಬಿದ್ದಿದ್ದಳು. ಸಲೈನ್ ಹಚ್ಚಲು ನರ್ಸಿಗೆ ನರವೇ ಸಿಕ್ಕಿರಲಿಲ್ಲ.

ಬಾಗಿಲು ತೆರೆಯಿತು. ಗಾಲಿಯ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ತಳ್ಳಿಕೊಂಡು ಒಬ್ಬ ಯುವಕ ಬಂದ.

“ನಾನು ನಜೀಬ ಅಂತರಿ. ಡಾಕ್ಟರ್ ಸಹನಾ ಮೇಡಂ ಕಳಿಸ್ಯಾರ. ಸ್ವಲ್ಪ ನಾಲಿಗಿ ಚಾಚ್ರಿ.”

“ಮಾರಿ ನೋಡೂಕಿಂತ ಮೊದ್ಲ ನಾಲಿಗಿ ಕೇಳ್ತೀರಲ್ರೀ!”

“ಮಾರಿ ಸುಳ್ಳು ಹೇಳ್ತೈತ್ರಿ. ನಾಲಿಗಿ ಬಣ್ಣ ಸುಳ್ಳು ಹೇಳಂಗಿಲ್ಲ.”

ಎಷ್ಟೋ ದಿನದ ಮೇಲೆ ಅವಳ ತುಟಿಯಲ್ಲಿ ನಗು ಸುಳಿಯಿತು. ನಾಲಿಗೆ ಚಾಚಿದಳು.

ಪರದೆ ನೋಡುತ್ತ ನಜೀಬ ಮೆಲ್ಲಗೆ ಹೇಳಿದ: “ರಕ್ತ ಭಾಳ ಕಮ್ಮಿ ಐತ್ರಿ. ಊಟ ಬಿಟ್ಟೀರೇನು? ಅಂಚಿಗೆ ಕಚ್ಚಿಕೊಂಡ ಗಾಯಾನೂ ಐತಿ...”

ಹೊಡೆತ ಬೀಳುವಾಗ ಕಿರುಚಬಾರದೆಂದು ಕಚ್ಚಿಕೊಂಡದ್ದು... ಇವನಿಗೆ ಹೇಗೆ ಹೇಳಲಿ?

“ಕೈ ಕೊಡ್ರಿ. ಇದು ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ. ನಮ್ಮ ಕಣ್ಣಿಗೆ ಕಾಣದ ಬೆಳಕನ್ನೂ ಎಳಿ ಎಳಿ ಬಿಡಿಸಿ ನೋಡತೈತಿ. ನರ ಎಲ್ಲಿ ಅಡಗಿದ್ರೂ ತೋರಸ್ತೈತಿ.”

‘ಬಿಸ್ಮಿಲ್ಲಾ’ ಎಂದು ಗುಂಡಿ ಒತ್ತಿದ.

ಪರದೆಯ ಮೇಲೆ ಮೆಹಂದಿ ಮಾಯವಾಯಿತು! ಹೂವಿಲ್ಲ, ಬಳ್ಳಿಯಿಲ್ಲ. ನರಗಳ ಮಗ್ಗುಲಲ್ಲಿ, ತೋಳು ಹಿಡಿದು ತಿರುಚಿದ ಬೆರಳುಗಳ ಗುರುತು ಕಪ್ಪಗೆ ಎದ್ದು ಕಂಡಿತು. ಅದರ ಕೆಳಗೆ ಬೆಲ್ಟಿನ ಬರೆ. ಬಕ್ಕಲ್ಲಿನ ಚೌಕ ಕೂಡ ಕಾಣುತ್ತಿತ್ತು.

ನಜೀಬ ಪರದೆಯಿಂದ ಕಣ್ಣೆತ್ತಿದ. “ಯಾರು ಮಾಡಿದ್ದರಿ?”

“ಅಜೀಮ ಭಾಯಿ... ನಮ್ಮಣ್ಣ. ಈ ನಿಕಾಹ್ ಒಲ್ಲೆ ಅಂದೆ. ಅಷ್ಟಕ್ಕ! ಮದುಮಗಳ ಮೆಹಂದಿ ಯಾರೂ ಒರಸಿ ನೋಡಂಗಿಲ್ಲ, ದಪ್ಪಗ ಹಚ್ರಿ ಅಂದ.”

ಬಾಗಿಲಿಗೆ ಒದೆ ಬಿತ್ತು. ಅಜೀಮ ನುಗ್ಗಿದ.

“ಏನು ಕಾಣಸ್ತೈತಿ ಅದರಾಗ?”

ಅಷ್ಟರಲ್ಲಿ ನಜೀಬ ಪರದೆ ಆರಿಸಿದ್ದ. “ಏನೂ ಇಲ್ರಿ. ನರ ಅಷ್ಟ.”

ಅವನು ಕ್ಯಾಮೆರಾ ತಳ್ಳಿಕೊಂಡು ಹೊರಟೇಬಿಟ್ಟ. ಗುಲ್ಶನಳ ಎದೆ ಒಡೆಯಿತು. ಇವನೂ ಹೆದರಿದ! ಕಂಡವನೂ ಕಾಣದವನಾದ... ಗೋಡೆಗೆ ಮುಖ ತಿರುಗಿಸಿದಳು.

ಆದರೆ ಅಜೀಮನಿಗೆ ನಂಬಿಕೆ ಬರಲಿಲ್ಲ. ಬೆನ್ನಟ್ಟಿ ಹೋದ.

“ನಿಲ್ಲಲೇ! ಆ ಚಿತ್ರ ಅಳಸು!”

ಹೊರಗೆ ದಪ್ಪನೆಯ ಸದ್ದು. ಆಮೇಲೆ ಅವಳ ಮೈಗೆ ಚೆನ್ನಾಗಿ ಗೊತ್ತಿದ್ದ ಸದ್ದು. ಬೆಲ್ಟು!

ಬಕ್ಕಲ್ಲು ನಜೀಬನ ಹಣೆ ಸೀಳಿತು. ರಕ್ತ ಕಣ್ಣೊಳಗೆ ಇಳಿಯಿತು. ಬಿದ್ದವನ ಪಕ್ಕೆಗೆ ಬೂಟಿನಿಂದ ಒದ್ದ ಅಜೀಮ, ಅವನ ಬಲಗೈಯನ್ನು ಬಾಗಿಲ ಸಂದಿಗೆ ಎಳೆದು, ಬಾಗಿಲನ್ನು ರಪ್ಪನೆ ಬಡಿದ. ಬೆರಳು ಮುರಿದ ಸದ್ದು ಹಾಸಿಗೆಯವರೆಗೂ ಕೇಳಿತು.

“ಅಳಸ್ತೀಯೋ ಇಲ್ಲೋ?”

“ಅದು ಆಗಲೇ... ಡಾಕ್ಟರ್ ಕಂಪ್ಯೂಟರಿಗೆ ಹೋಗೇತಿ. ಪೊಲೀಸರು ಬರ್ತಾರ. ಅಲ್ಲೀ ತನಕ ನನ್ನ ಹೊಡಿ. ಆಕಿನ್ನ ಮುಟ್ಟಬ್ಯಾಡ!”

ಗುಲ್ಶನ ಎದ್ದು ಕುಳಿತಳು. ಯಾ ಅಲ್ಲಾ... ನನ್ನ ಮೇಲೆ ಬೀಳಬೇಕಾದ ಏಟನ್ನು ಇವನು ತನ್ನ ಮೇಲೆ ಎಳೆದುಕೊಂಡನೇ?

ಗೋಡೆ ಹಿಡಿದು ಹೊರಗೆ ಬಂದಳು. ಮನೆಯಿಂದ ಹಿಂದೆಯೇ ಬಂದಿದ್ದ ಹೆಂಗಸರು, ಗಂಡಿನ ಕಡೆಯವರು ತಲೆ ತಗ್ಗಿಸಿ ನಿಂತಿದ್ದರು. ತಾಯಿ ನಸೀಮಾಬಿ ಮೂಲೆಗೆ ಒತ್ತಿಕೊಂಡು ನಿಂತಿದ್ದಳು. ಗುಲ್ಶನ ಕ್ಯಾಮೆರಾದ ಕೆಳಗೆ ತೋಳು ಚಾಚಿ, ತಾನೇ ಗುಂಡಿ ಒತ್ತಿದಳು. ಪರದೆಯ ಮೇಲೆ ಬರೆಗಳು ಮತ್ತೆ ಎದ್ದವು.

“ನೋಡ್ರಿ! ಎಲ್ಲಾರೂ ಕಣ್ಣು ತುಂಬ ನೋಡ್ರಿ! ನೀವು ಹಾಡು ಹಾಡಿದ ಮೆಹಂದಿ ಇದ!”

“ನಾಚಿಗ್ಗೇಡಿ!” ಅಜೀಮನ ಬೆಲ್ಟು ಅವಳ ಮುಖಕ್ಕೆ ಬೀಸಿ ಬಂತು.

ಮುಖ ಮುಟ್ಟಲಿಲ್ಲ. ನಸೀಮಾಬಿ ನಡುವೆ ಬಂದು ಹಿಡಿದಿದ್ದಳು. ಬಕ್ಕಲ್ಲು ಅಂಗೈಯನ್ನು ಹರಿದು ಒಳಗಿಳಿದಿತ್ತು.

“ಬಿಡು ಅಮ್ಮೀ!” ಅಜೀಮ ಬೆಲ್ಟು ಜಗ್ಗಿದ.

“ಇದ ಕೈಲೇ ಮೆಹಂದಿ ಕಲಸೀನಿ... ಹರೀಲಿ!”

ಪೊಲೀಸರು ಬರುವವರೆಗೂ ಅವಳು ಬೆಲ್ಟು ಬಿಡಲಿಲ್ಲ.

ನಿಕಾಹ್ ಮುರಿಯಿತು. ಕೊಪ್ಪಳದ ಕೋರ್ಟಿನಲ್ಲಿ ಆ ಚಿತ್ರ ತೋರಿಸಿದಾಗ ಗುಲ್ಶನ ತಲೆ ತಗ್ಗಿಸಲಿಲ್ಲ. ಅಜೀಮ ಜೈಲಿಗೆ ಹೋದ. ಅವಳು ಅದೇ ಆಸ್ಪತ್ರೆಯಲ್ಲಿ ಕ್ಯಾಮೆರಾದ ಕೆಲಸ ಕಲಿಯತೊಡಗಿದಳು. ಕಲಿಸುತ್ತಿದ್ದವನು ನಜೀಬ. ಅವನ ಬೆರಳುಗಳು ಕೂಡಿದ್ದವು... ಸೊಟ್ಟಗೆ.

ಒಂದು ಮಧ್ಯಾಹ್ನ ಅವಳು ಕ್ಯಾಮೆರಾವನ್ನು ಅವನ ಕಡೆ ತಿರುಗಿಸಿದಳು.

“ನಾಲಿಗಿ ಚಾಚ್ರಿ.”

“ಮುರದದ್ದು ಕೈರೀ!”

“ಗೊತ್ತೈತಿ. ಆವತ್ತು ‘ಏನೂ ಇಲ್ರಿ’ ಅಂತ ಸುಳ್ಳು ಹೇಳಿದ ನಾಲಿಗಿ ಹೆಂಗೈತಿ, ನೋಡಬೇಕಾಗೇತಿ.”

ನಜೀಬ ನಕ್ಕ. ಆಮೇಲೆ ಕ್ಯಾಮೆರಾವನ್ನು ಬದಿಗೆ ಸರಿಸಿದ.

“ಅದು ಈಗ ಒಂದು ಖರೇ ಹೇಳಬೇಕಂತೈತ್ರಿ... ನೀವಂದ್ರ ನನಗ ಜೀವ. ನನ್ನ ಜೋಡಿ ನಿಕಾಹ್ ಆಗ್ತೀರೇನು?”

ಈ ಮಾತು ಯಾಕೆ ಇಷ್ಟು ತಡವಾಗಿ ಬಂತು, ಹುಚ್ಚಾ! ಅವಳ ಕಣ್ಣು ತುಂಬಿ ಹರಿಯಿತು.

“ಹ್ಞೂಂ,” ಎಂದಳು. “ಆಗ್ತೀನಿ.”

“ಹಂಗಾರ ಒಂದು ಮಾತು ನಡಸಿಕೊಡ್ರಿ. ನಮ್ಮ ಅಮ್ಮೀಗಿ ಭಾಳ ಆಸಿ... ನಿಕಾಹ್ ದಿನ ಕೈಗೆ ಮೆಹಂದಿ ಹಚ್ಚಿಸ್ಕೋರಿ. ಬೆರಳ ತುದಿಗಷ್ಟ ಸಾಕು.”

ಗುಲ್ಶನ ಅಂಗಿಯ ತೋಳನ್ನು ಮೇಲಕ್ಕೆ ಮಡಚಿದಳು. ಬರೆಗಳು ಮಾಸಿದ್ದ, ಬಣ್ಣವಿಲ್ಲದ ತನ್ನ ಕೈಯನ್ನು ಅವನ ಸೊಟ್ಟ ಬೆರಳುಗಳೊಳಗೆ ಇಟ್ಟಳು.

“ಇಲ್ಲ ನಜೀಬ,” ಎಂದಳು. “ಹಚ್ಚಂಗಿಲ್ಲ.”