ಅರ್ಪಿತಳ ತಾಯಿ ಹೇಳಿದ್ದು

ಮಾರ್ಚ್ ಹನ್ನೊಂದರ ಮಂಗಳವಾರ ಬೆಳಿಗ್ಗೆ ಶ್ರೀರಂಗಪಟ್ಟಣ ಠಾಣೆಗೆ ಅಪರ್ಣ ಎಂಬವರು ದೂರು ಕೊಟ್ಟರು. ಪಾಂಡವಪುರದಲ್ಲಿ ನರ್ಸಿಂಗ್ ಹೋಂ ನಡೆಸುವ ಅವರ ಪತಿ ಡಾ. ಸುದರ್ಶನ್ ಗಂಜಾಂನ ದೇವಸ್ಥಾನದ ಮುಂದಿನ ನದಿ ಮೆಟ್ಟಿಲಲ್ಲಿ ಕಾಲು ತೊಳೆಯುತ್ತಿದ್ದಾಗ ಯಾರೋ ಕಲ್ಲಿನಿಂದ ತಲೆಗೆ ಹೊಡೆದಿದ್ದರು. ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದ ಅವರಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಇನ್‌ಸ್ಪೆಕ್ಟರ್ ಶಿವಶಂಕರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಮಾಯಮ್ಮನವರೊಡನೆ ಸ್ಥಳಕ್ಕೆ ಹೋದರು. ಪಂಚನಾಮೆ ಮಾಡಿ, ರಕ್ತ ಹತ್ತಿದ ಕಲ್ಲನ್ನು ವಶಕ್ಕೆ ಪಡೆದರು. ಮೇಲಿನ ಮೆಟ್ಟಿಲಲ್ಲಿ ಹೂ ಮಾರುವ ಚಲುವಯ್ಯನನ್ನು ವಿಚಾರಿಸಿದರು.

"ಏನು ನೋಡಿದೆ?"

"ಒಬ್ಬ ವಯಸ್ಸಾದ ಎಂಗಸು ಸಾ. ಡಾಕ್ಟ್ರ ಮುಂದೆ ಕೈ ಮುಗ್ಕಂಡು ನಿಂತಿದ್ಲು. ನಾನು ಅವತ್ತು ಯೋಳಿದ್ನಾ ಇಲ್ವಾ, ಅಷ್ಟು ಯೋಳ್ಬುಡಿ ಅಂತಿದ್ಲು."

"ಅವರೇನಂದ್ರು?"

"ನೀನು ಹೇಳ್ಲೇ ಇಲ್ಲ, ಹೋಗಮ್ಮ ಅಂದ್ರು. ನಾನು ಹೂವು ಕಟ್ತಾ ಇದ್ದೆ. ಕೂಗು ಕೇಳಿ ತಿರುಗಿದ್ರೆ ಬಿದ್ದೋಗಿದ್ರು."

ರೋಗಿಯ ಕಡೆಯವರೇ ಇರಬೇಕೆಂದು ಇಬ್ಬರೂ ಪಾಂಡವಪುರಕ್ಕೆ ಹೋದರು. ಆ ಹೆಂಗಸು ಡಾಕ್ಟರನ್ನು ಕೇಳಿದ ಮಾತನ್ನು ಶಿವಶಂಕರ್ ಹೇಳಿದಾಗ, ನರ್ಸ್ ಇಂದಿರ ಬಾಗಿಲು ಮುಚ್ಚಿ ಬಂದು ಕುಳಿತಳು.

"ಬೆಳಗೊಳದ ಅರ್ಪಿತ ಅಂತ ಸರ್. ಜ್ವರ ಅಂತ ಬಂದಿದ್ಲು. ಡಾಕ್ಟ್ರು ಬರೆದ ಇಂಜೆಕ್ಷನ್ ಅವಳಿಗೆ ಆಗಲ್ಲ, ಹಿಂದೆ ಮೈಯೆಲ್ಲ ಊದ್ಕೊಂಡಿತ್ತು ಅಂತ ತಾಯಿ ಹೇಳಿದ್ರು."

"ಯಾರಿಗೆ?"

"ಡಾಕ್ಟ್ರಿಗೇ. ಅವತ್ತು ತುಂಬ ಜನ. ಅದನ್ನೇ ಕೊಡು ಅಂದ್ರು, ನಾನೇ ಚುಚ್ಚಿದೆ."

"ಆಮೇಲೆ?"

"ಸ್ವಲ್ಪ ಹೊತ್ತಲ್ಲೇ ಜೀವ ಹೋಯ್ತು. ಡಾಕ್ಟ್ರು ಅವಳ ಗಂಡನ್ನ ಕರೆದು, ನಿಮ್ಮತ್ತೆ ಮೊದಲೇ ಹೇಳಿದ್ರೆ ಉಳಿಸ್ತಿದ್ವಿ ಅಂದ್ರು. ನಾನು ಬಾಯಿ ಬಿಡಲಿಲ್ಲ."

ಶಿವಶಂಕರ್ ಅವಳ ಹೇಳಿಕೆ ದಾಖಲಿಸಿಕೊಂಡರು. ಅರ್ಪಿತಳ ಸಾವಿನ ಬಗ್ಗೆ ಬೇರೆಯೇ ವಿಚಾರಣೆಗೆ ಬರೆಯುವುದಾಗಿ ತಿಳಿಸಿದರು.

ಮಧ್ಯಾಹ್ನ ಬೆಳಗೊಳಕ್ಕೆ ಹೋದಾಗ ಅರ್ಪಿತಳ ತಾಯಿ ದೊಡ್ಡತಾಯಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಪೊಲೀಸರನ್ನು ಕಂಡು ಕೈ ಒರೆಸಿಕೊಂಡಳು.

"ನಾನೇ ಒಡ್ದಿದ್ದು. ಸತ್ತೋದ್ರಾ?"

"ಇಲ್ಲ, ಈಗ ಪ್ರಜ್ಞೆ ಬಂದಿದೆ ಅಂತ ಆಸ್ಪತ್ರೆಯಿಂದ ಫೋನ್ ಬಂತು. ಯಾಕೆ ಹೊಡೆದ್ರಿ?"

ಅವಳು ಜಗಲಿ ಹಿಡಿದು ಕುಳಿತಳು.

"ಅಳಿಯ, ನೀನೇ ಕೊಂದೆ ಅಂದ್ಬುಟ್ಟು ಮೊಮ್ಮಗಳು ಚಿನ್ನೂನ ಕರ್ಕಂಡು ಕೆ.ಆರ್. ಪೇಟೆಗೆ ಒಂಟೋದ. ಎಲ್ರೂ ನೀನು ಯೋಳ್ನೇ ಇಲ್ಲ ಅಂದ್ರೆ ನಂಗೂ ಗುಮಾನಿ ಬಂತು ಸಾ. ಯೋಳಿದ್ನೋ, ಮನಸ್ನಲ್ಲೇ ಅಂದ್ಕಂಡ್ನೋ. ಆಸ್ಪತ್ರೇಲಿ ಒಳಿಕ್ಕೆ ಬುಡ್ನಿಲ್ಲ. ದೇವ್ರ ತಾವಾದ್ರೂ ನಿಜ ಯೋಳ್ತಾರೆ ಅಂತ ಕೇಳ್ದೆ. ತಪ್ಪಾಯ್ತು ಕಣಮ್ಮ ಅಂದಿದ್ರೆ ಸುಮ್ನೆ ಬಂದ್ಬುಡ್ತಿದ್ದೆ."

ಮಾಯಮ್ಮ ಪಕ್ಕದಲ್ಲಿ ಕುಳಿತರು. "ನೀವು ಹೇಳಿದ್ರಿ ಕಣವ್ವ. ನರ್ಸು ಕೇಳಿಸ್ಕಂಡವ್ರೆ. ನಮ್ಮ ಮುಂದೆ ಒಪ್ಕಂಡವ್ರೆ."

ದೊಡ್ಡತಾಯಮ್ಮ ಅವರ ಮುಖವನ್ನೇ ನೋಡಿದಳು. "ಅಂಗಾರೆ ಯೋಳಿದ್ದೆ," ಎಂದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮಗಳು ಸತ್ತ ದಿನದಿಂದ ಅವಳು ಅತ್ತಿರಲಿಲ್ಲ ಎಂದು ನೆರೆಯವರು ಆಮೇಲೆ ಹೇಳಿದರು.

ಬಂಧನದ ವಿಷಯ ಯಾರಿಗೆ ತಿಳಿಸಬೇಕೆಂದು ಇನ್‌ಸ್ಪೆಕ್ಟರ್ ಕೇಳಿದಾಗ ಅಳಿಯ ರವೀಂದ್ರನ ಹೆಸರು ಹೇಳಿದಳು. ಶಿವಶಂಕರ್ ಫೋನ್ ಮಾಡಿ ಬಂಧನದ ವಿಷಯ ತಿಳಿಸಿದರು. ನರ್ಸ್ ಹೇಳಿದ್ದನ್ನೂ ತಿಳಿಸಿದರು.

"ಅತ್ತೆಗೆ ಕೊಡಿ ಸಾ," ಎಂದ ರವೀಂದ್ರ.

ಮಾಯಮ್ಮ ಫೋನನ್ನು ಅವಳ ಕಿವಿಗೆ ಹಿಡಿದರು. "ಅತ್ತೆ," ಎಂದು ಕರೆದವನು, "ಚಿನ್ನೂನ ಕರ್ಕಂಡು ಬತ್ತೀನಿ," ಎಂದ. ಅವಳು ಫೋನನ್ನು ತನ್ನ ಕೈಗೆ ತೆಗೆದುಕೊಂಡಳು. ಜೀಪು ಕಾಯುತ್ತಿತ್ತು, ಯಾರೂ ಅವಸರ ಮಾಡಲಿಲ್ಲ.