ಟ್ಯಾಬ್ಲೆಟ್ಟಿನ ಉಳಿದರ್ಧ

ಪೀಠೋಪಕರಣ ಕಾರ್ಯಾಗಾರದ ಮಹಡಿಯಲ್ಲಿ ಬಾಡಿಗೆಗಿದ್ದ ನಿವೃತ್ತ ದಂತವೈದ್ಯೆಗೆ ಹಲ್ಲಿಗಿಂತ ಒಗಟುಗಳ ಮೇಲೆಯೇ ಮೋಹ ಹೆಚ್ಚು. ಅವರೊಂದಿಗೇ ನಿವೃತ್ತಳಾಗಿ ಈಗಲೂ ಬೆನ್ನು ಬಿಡದ ನರ್ಸಮ್ಮನಿಗೆ ಇದು ಗೊತ್ತಿತ್ತು. ಆದ್ದರಿಂದ ಕೆಳಗಿನ ಯಜಮಾನ ಮುಖ ಸಿಂಡರಿಸಿಕೊಂಡು, ಟ್ಯಾಬ್ಲೆಟ್ ಹಿಡಿದು ಬಂದಾಗ ಅವಳು ಅವನಿಗೊಂದು ಕುರ್ಚಿ ಎಳೆದಳು.

"ಡಾಕ್ಟ್ರೇ, ನಕ್ಷೆಗಳೆಲ್ಲ ಮಾಯ. ಚಾರ್ಜ್ ಇಳಿದು ಆಫ್ ಆಗಿತ್ತು, ಮತ್ತೆ ಆನ್ ಮಾಡಿದ್ರೆ ಅಂಗಡಿಯಿಂದ ಈಗ ತಂದ ಹಾಗೆ ಖಾಲಿ. ನಕ್ಷೆ ಬರೆಯೋ ಹುಡುಗಿ ಬೇರೆ ಕಡೆ ಕೆಲಸ ಕೇಳಿದಾಳಂತೆ. ಹೋಗೋ ಮುಂಚೆ ಅಳಿಸಿ ಕೈ ತೊಳಕೊಂಡಿದಾಳೆ. ಸಂಜೆಗೆ ಅವಳನ್ನ ಕಿತ್ತುಹಾಕ್ತೀನಿ."

"ಕೀಳೋದು ಸುಲಭ. ಕಿತ್ತ ಮೇಲೆ ನೋವಿದ್ದದ್ದು ಪಕ್ಕದ ಹಲ್ಲು ಅಂತ ಗೊತ್ತಾದ್ರೆ?"

ದಂತವೈದ್ಯೆ ಟ್ಯಾಬ್ಲೆಟ್ಟಿನ ಸೆಟ್ಟಿಂಗ್ಸ್ ತೆರೆದು, ಒಟ್ಟು ಸ್ಟೋರೇಜ್ ಜಾಗವೆಷ್ಟೆಂದು ನೋಡಿದರು. ಪರದೆ ತೋರಿಸಿದ್ದು ಟ್ಯಾಬ್ಲೆಟ್ಟಿನ ಹಿಂಬದಿಗೆ ಅಂಟಿಸಿದ್ದ ಚೀಟಿಯಲ್ಲಿದ್ದುದರ ಅರ್ಧವನ್ನು ಮಾತ್ರ.

ಮೂವರೂ ಕೆಳಗಿಳಿದರು. ಯಜಮಾನನ ಅಕ್ಕ, ಅಲ್ಲಿ ಲೆಕ್ಕ ನೋಡುವವರು, ಸಿಡಿಮಿಡಿಗೊಂಡಿದ್ದರು. "ನನ್ನ ಕೀಬೋರ್ಡಿಗೆ ಕಾಲು ಬಂದಿವೆ ಡಾಕ್ಟ್ರೇ. ನಿನ್ನೆ ಪಾಲಿಶ್ ಬೆಂಚಿನ ಮೇಲಿತ್ತು. ಪಾಲಿಶ್‌ನವನು ಇವತ್ತು ಗಿರಾಕಿ ಮನೇಲಿ ಬೀರು ಉಜ್ಜುತಿದಾನೆ, ಕೇಳೋಕೂ ಸಿಕ್ಕಿಲ್ಲ. ಪಾಪ, ಆ ವಾಸನೆಗೆ ಕೆಮ್ಮಿ ಕೆಮ್ಮಿ ಸೊರಗಿದಾನೆ. ಬೇರೆ ಕೆಲಸ ಕೊಡು ಅಂದ್ರೆ, ಎಲ್ಲಿದೆ ಅಂತಾನೆ ನನ್ನ ತಮ್ಮ."

ಮೂಲೆಯಲ್ಲಿ ಕಂಪ್ಯೂಟರಿನಿಂದ ನಡೆಯುವ ಹಳೆಯ ಕೆತ್ತನೆ ಯಂತ್ರವೊಂದು ಬಟ್ಟೆ ಹೊದ್ದು ನಿಂತಿತ್ತು. "ಅದು ಹೊಸ ಟ್ಯಾಬಿನ ಮಾತು ಕೇಳಲ್ಲ. ವರ್ಷಗಳಿಂದ ಸತ್ತುಬಿದ್ದಿದೆ, ಗುಜರಿಗೆ ಹಾಕಬೇಕು," ಎಂದ ಯಜಮಾನ. ದಂತವೈದ್ಯೆ ಬಟ್ಟೆ ಎತ್ತಿದರು. ಉಳಿಯ ಕೆಳಗೆ ಮಾಸದ, ಬಿಳುಪಾದ ಮರದ ಪುಡಿ ಇತ್ತು.

ಸಂಜೆ ಪಾಲಿಶ್‌ನವನೂ ಬಂದ ಮೇಲೆ ಎಲ್ಲರೂ ಬೆಂಚಿನ ಸುತ್ತ ಸೇರಿದರು. ನಕ್ಷೆಯ ಹುಡುಗಿ ಚೀಲವನ್ನು ಹೆಗಲಿಗೇರಿಸಿಕೊಂಡೇ ನಿಂತಿದ್ದಳು.

"ಅಳಿಸಿದ್ರೆ ಜಾಗ ಖಾಲಿ ಆಗುತ್ತೆ, ಕಮ್ಮಿ ಆಗಲ್ಲ," ಎಂದು ದಂತವೈದ್ಯೆ ಆರಂಭಿಸಿದರು. "ಅರ್ಧ ಜಾಗವೇ ಕಾಣ್ತಿಲ್ಲ ಅಂದ್ರೆ ಯಾರೋ ನಡುವೆ ಗೋಡೆ ಕಟ್ಟಿ, ಈಚೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಕೂರಿಸಿದಾರೆ. ಕೂರಿಸೋವಾಗ ಪರದೆ ಬೆರಳಿಗೆ ಓಗೊಡಲ್ಲ. ಅದಕ್ಕೇ ಕೀಬೋರ್ಡ್ ಬೇಕಾಯ್ತು. ಸತ್ತ ಯಂತ್ರದಲ್ಲಿ ಹೊಸ ಪುಡಿ ಇದೆ. ಅಂದ್ರೆ ಅದರ ಮಾತು ಬಲ್ಲ ಸಿಸ್ಟಮ್ ಬಂದಿದೆ. ಪಾಲಿಶ್ ಬಿಟ್ಟು ಬೇರೆ ಕೆಲಸ ಬೇಕಾಗಿದ್ದದ್ದು ಯಾರಿಗೆ?"

ಪಾಲಿಶ್‌ನವನು ತಲೆ ತುರಿಸಿಕೊಂಡ. "ನಾನೇ ಅಮ್ಮಾ. ಯಂತ್ರ ನಡೆಸಿ ತೋರಿಸಿದ್ರೆ ಯಜಮಾನರು ಗುಜರಿಗೆ ಹಾಕಲ್ಲ ಅಂದುಕೊಂಡೆ. ಕೆಲಸ ಮುಗಿಸಿ ಪ್ರತಿ ಸಲ ನಕ್ಷೆಗಳಿರೋ ಹಳೇ ಸಿಸ್ಟಮ್ಮನ್ನೇ ಆರಿಸಿ ಇಡ್ತಿದ್ದೆ."

"ಚಾರ್ಜ್ ಇಳಿದು ಪುನಃ ಶುರುವಾದಾಗ ಆರಿಸೋಕೆ ನೀನಿರಲಿಲ್ಲ. ಅದು ತಾನಾಗಿ ಪಟ್ಟೀಲಿ ಮೇಲಿರೋ ಹೊಸದಕ್ಕೇ ಹೋಯ್ತು," ಎಂದರು ದಂತವೈದ್ಯೆ.

ಕೀಬೋರ್ಡ್ ಸಿಕ್ಕಿಸಿ, ಟ್ಯಾಬ್ಲೆಟ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಪರದೆಯಲ್ಲಿ ಎರಡು ಸಿಸ್ಟಮ್‌ಗಳ ಹೆಸರು ಎರಡು ಸಾಲಾಗಿ ಮೂಡಿದವು. ನರ್ಸಮ್ಮನೇ ಕೀಲಿಯೊತ್ತಿ ಎರಡನೆಯದನ್ನು ಆಯ್ದಳು. ಕುರ್ಚಿ, ಬೀರು, ತೊಟ್ಟಿಲು, ಎಲ್ಲ ನಕ್ಷೆಗಳೂ ಇದ್ದಲ್ಲೇ ಇದ್ದವು.

ಯಜಮಾನ ಹುಡುಗಿಯ ಕಡೆ ತಿರುಗಿದ. "ತಪ್ಪಾಯ್ತಮ್ಮ. ಬೇರೆ ಕಡೆ ಕೆಲಸ ಕೇಳಿದೆ ಅಂದ್ರು, ಅದಕ್ಕೆ..."

"ಕೇಳಿದ್ದು ನನ್ನ ತಂಗಿಗೆ ಸಾರ್. ನೀವು ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಅಕ್ಕ ಮಧ್ಯೆ ಬಾಯಿ ಹಾಕಿದರು. "ಅವನು ಕೇಳಲ್ಲಮ್ಮ, ಚಿಕ್ಕಂದಿನಿಂದ ಹಾಗೇ. ನೀನೇ ಹೇಳು, ಏನಾಗಬೇಕು?"

ಹುಡುಗಿ ಯೋಚಿಸಿದಳು. "ಯಂತ್ರ ಇರಲಿ. ಪಾಲಿಶ್ ಅಣ್ಣ ಅದನ್ನೇ ನಡೆಸಲಿ. ಆದ್ರೆ ಆ ಪಟ್ಟೀಲಿ ನನ್ನ ಸಿಸ್ಟಮ್ ಮೇಲಿರಬೇಕು."

"ಈಗಲೇ ಮಾಡ್ತೀನಿ," ಎಂದು ಪಾಲಿಶ್‌ನವನು ಕೀಬೋರ್ಡನ್ನು ಹತ್ತಿರಕ್ಕೆಳೆದುಕೊಂಡ. ಹುಡುಗಿ ಹೆಗಲಿನ ಚೀಲವನ್ನು ಇಳಿಸಿ, ಅವನ ಪಕ್ಕದಲ್ಲಿ ಕುಳಿತಳು.