ಸತ್ತವನು ಬಾರಿಸಿದ ಬೆಲ್

ಸತ್ತವನೊಬ್ಬ ಬೆಲ್ ಬಾರಿಸಿದ ಎಂದು ಹೇಳಿಕೊಂಡು ಓಡಿಬಂದ ಹುಡುಗಿಯನ್ನು ಮೈದುನ ಬಾಗಿಲಲ್ಲೇ ತಡೆದು ನಿಲ್ಲಿಸಿದ. ಆಯುಸ್ಸೆಲ್ಲ ಪತ್ರಿಕೆಯಲ್ಲಿ ಬೇರೆಯವರು ಬರೆದ ಸುದ್ದಿ ತಿದ್ದಿದವನು ಅವನು. ಇಂಥ ವಾಕ್ಯ ಕಂಡರೆ ಮೊದಲು ಗೀಟು ಹಾಕಿ, ಆಮೇಲೆ ಪ್ರಶ್ನೆ ಕೇಳುವುದು ರೂಢಿ.

"ಒಳಗೆ ಬಿಡಪ್ಪ," ಎಂದು ಅತ್ತಿಗೆ ಕುರ್ಚಿಯಿಂದಲೇ ಕೂಗಿದಳು. "ಎದುರುಮನೆ ಆಯಾ ಅಲ್ವಾ? ಬೆಳಿಗ್ಗೆಯಿಂದ ಅಲ್ಲಿ ಪೊಲೀಸ್ ಜೀಪು ನಿಂತಿದೆ. ನಿನ್ನ ವ್ಯಾಕರಣ ಆಮೇಲೆ ನೋಡೋಣ."

ಅತ್ತಿಗೆ ಅಗ್ನಿಶಾಮಕ ಇಲಾಖೆಯಲ್ಲಿ ಬೆಂಕಿ ಬಿದ್ದ ಕಾರಣ ಹುಡುಕುವ ಅಧಿಕಾರಿಯಾಗಿದ್ದವಳು. ಸುಟ್ಟ ಮನೆಯ ಬೂದಿ ಕೆದಕಿ, ಕಿಡಿ ಎಲ್ಲಿಂದ ಹಾರಿತು ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ನಿವೃತ್ತಿಯ ನಂತರವೂ ಬೀದಿಯ ಜನಕ್ಕೆ ಅವಳು ಬೂದಿ ಮೇಡಂ. ಅಣ್ಣ ತೀರಿಕೊಂಡ ಮೇಲೆ ಮೈದುನ ಅವಳ ಮನೆಯ ಮಹಡಿಗೆ ಬಂದಿದ್ದ. ಅವಳ ಚೀಲ ಹೊರುವುದು, ಅವಳು ಕೇಳಲು ಮರೆತದ್ದನ್ನು ಕೇಳುವುದು ಅವನ ಪಾಲಿನ ಕೆಲಸ.

ಆಯಾ ನೀರು ಕುಡಿದು ಮಾತು ಶುರುಮಾಡಿದಳು. ಎದುರುಮನೆಯ ಕೆಳಗಡೆ ಹೊಲಿಗೆ ಕಾರ್ಖಾನೆ, ಮೇಲೆ ಮನೆ. ಕಾರ್ಖಾನೆಯ ಯಜಮಾನಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳ ತಮ್ಮನಿಗೆ ಮೂರ್ಛೆ ರೋಗ. ಅವನ ಮಣಿಕಟ್ಟಿನಲ್ಲಿ ಒಂದು ಕೈಪಟ್ಟಿ, ಅದರೊಳಗೆ ಪುಟ್ಟ ಸೆನ್ಸರ್. ಅವನು ಬಿದ್ದರೆ ಮನೆಯ ಬೆಲ್‌ಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳಬೇಕು.

"ಬೆಳಿಗ್ಗೆ ಬಿಸಿನೀರು ತಗೊಂಡು ಮೆಟ್ಟಿಲು ಹತ್ತುತ್ತಾ ಇದ್ದೆ. ಬೆಲ್ ಹೊಡೀತು. ಓಡಿ ಹೋಗಿ ನೋಡಿದ್ರೆ ನೆಲದ ಮೇಲಿದ್ರು. ಮೈ ಕಲ್ಲಿನ ಹಾಗೆ ತಣ್ಣಗಿತ್ತು. ಡಾಕ್ಟ್ರು ಬಂದು, ಸತ್ತಿದ್ದು ರಾತ್ರಿನೇ ಅಂದ್ರು. ಹಾಗಾದ್ರೆ ಬೆಲ್ ಹೊಡೆದಿದ್ದು ಯಾರು ಅಂತ ಇನ್‌ಸ್ಪೆಕ್ಟರ್ ನನ್ನೇ ಕೇಳ್ತಾರೆ."

"ಅವರೇನಂತಾರೆ?" ಎಂದ ಮೈದುನ.

"ರಾತ್ರಿ ಬೆಲ್ ಹೊಡೆದಾಗ ನಾನು ಎದ್ದೇ ಇಲ್ವಂತೆ. ಬೆಳಿಗ್ಗೆ ಹೆಣ ನೋಡಿ ಹೆದರಿ, ಕೈಪಟ್ಟೀನ ನೆಲಕ್ಕೆ ಕುಟ್ಟಿ ಈಗ ತಾನೇ ಬಿದ್ರು ಅಂತ ನಾಟಕ ಆಡಿದೆನಂತೆ. ಸಂಜೆ ಠಾಣೆಗೆ ಬಾ ಅಂದಿದ್ದಾರೆ. ಜೈಲಿಗೆ ಹೋದ್ರೆ ಇನ್ಯಾರು ಮೇಡಂ ನನ್ನ ಕೈಗೆ ರೋಗೀನ ಒಪ್ಪಿಸ್ತಾರೆ?"

"ರಾತ್ರಿ ಬೆಲ್ ಕೇಳಿಸ್ತಾ?"

"ಇಲ್ಲ. ಒಂದು ಸಲವೂ ಇಲ್ಲ. ದಿನಾ ಅವರು ಮಗ್ಗುಲು ಬದಲಿಸಿದ್ರೂ ಸುಮ್ಸುಮ್ನೆ ಹೊಡ್ಕೊಳ್ತಿತ್ತು. ನಿನ್ನೆ ಮಾತ್ರ..." ಅವಳು ತಲೆ ತಗ್ಗಿಸಿದಳು. "ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು."

ಅತ್ತಿಗೆ ಚಪ್ಪಲಿ ಮೆಟ್ಟಿದಳು.

ಎದುರುಮನೆಯ ಹಜಾರದ ಗೋಡೆಯಲ್ಲಿ ಅಂಗೈಯಗಲದ ಪರದೆಯಿತ್ತು. ಬಾಗಿಲು, ಕಿಟಕಿ, ಅಡುಗೆಮನೆಯ ಹೊಗೆ, ತಮ್ಮನ ಕೈಪಟ್ಟಿ, ಒಂದೊಂದರ ಮುಂದೆಯೂ ಒಂದು ಹಸಿರು ಚುಕ್ಕೆ. ತಮ್ಮನ ಚುಕ್ಕೆಯ ಪಕ್ಕ "ಕ್ಷೇಮ" ಎಂದಿತ್ತು. ಬೆಳಿಗ್ಗೆ ಬೆಲ್ ನಿಲ್ಲಿಸಲು ಯಾರೋ ಗುಂಡಿ ಒತ್ತಿದಾಗ ಅದು ಮತ್ತೆ ಹಸಿರಿಗೆ ತಿರುಗಿ ಹಾಗೇ ಉಳಿದಿತ್ತು.

"ಅಕ್ಕನ ತಮ್ಮ ಮಲಗೋಕೆ ಮುಂಚೆ ಇಲ್ಲಿ ಬಂದು ಹಸಿರು ನೋಡ್ಕೊಂಡೇ ಹೋಗ್ತಿದ್ರು," ಎಂದಳು ಆಯಾ. "ಚುಕ್ಕೆ ಹಸಿರು ಇಲ್ಲದಿದ್ರೆ ಅವರಿಗೆ ನಿದ್ದೆನೇ ಹತ್ತಲ್ಲ. ನಿನ್ನೆನೂ ನೋಡಿದ್ರು. ನಕ್ಕೊಂಡೇ ಹೋದ್ರು."

ಇನ್‌ಸ್ಪೆಕ್ಟರ್ ಮುಖ ಹುಳ್ಳಗೆ ಮಾಡಿಕೊಂಡೇ ಅತ್ತಿಗೆಗೆ ದಾರಿ ಬಿಟ್ಟ. "ನೋಡಿ ಮೇಡಂ, ಇಲ್ಲಿ ಬೂದಿ ಏನೂ ಇಲ್ಲ. ಕೇಸು ನೀರಿನ ಹಾಗೆ ತಿಳಿಯಾಗಿದೆ."

"ತಿಳಿನೀರಲ್ಲೇ ಅಲ್ವಾ ತಳ ಕಾಣೋದು," ಎಂದಳು ಅತ್ತಿಗೆ. "ಆ ಕೈಪಟ್ಟಿ ಕೊಡಿ."

ಪ್ಲಾಸ್ಟಿಕ್ ಲಕೋಟೆಯಲ್ಲಿದ್ದ ಪಟ್ಟಿಯನ್ನು ಅವಳು ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಸೆಲ್ ಹಾಕುವ ಮುಚ್ಚಳ, ಅದರ ಪಕ್ಕ ಸೂಜಿ ಮೊನೆ ಮಾತ್ರ ಹೋಗುವಂಥ ತೂತು. ಮೈದುನ ಕನ್ನಡಕ ಏರಿಸಿ ಬಗ್ಗಿದ. ತೂತಿನ ಅಂಚಿಗೆ ನೀಲಿ ಪುಡಿ ಅಂಟಿತ್ತು.

"ಈ ತೂತು ಯಾಕೆ?"

"ಪಟ್ಟೀನ ಹೊಸದಾಗಿ ಮನೆ ಬೆಲ್ ಜಾಲಕ್ಕೆ ಸೇರಿಸುವಾಗ ಚುಚ್ಚಬೇಕು," ಎಂದಳು ಆಯಾ. "ಸೆಲ್ ಬದಲಿಸೋಕೆ ಬೇಕಿಲ್ಲ, ಮುಚ್ಚಳ ಬೆರಳಲ್ಲೇ ಬರುತ್ತೆ. ನಿನ್ನೆ ಮಧ್ಯಾಹ್ನ ಅಕ್ಕನೇ ಹೊಸ ಸೆಲ್ ಹಾಕಿಕೊಟ್ರು."

ಅತ್ತಿಗೆ ಸೆಲ್ ಪರೀಕ್ಷಿಸುವ ಪುಟ್ಟ ಮೀಟರನ್ನು ಚೀಲದಿಂದ ತೆಗೆಸಿದಳು. ಮುಳ್ಳು ಏಳಲು ಹೆಣಗಿ ಅರ್ಧದಲ್ಲೇ ಬಿದ್ದಿತು. ತಿಂಗಳುಗಟ್ಟಲೆ ಬರಬೇಕಾದ ಸೆಲ್ ಒಂದೇ ರಾತ್ರಿಗೆ ಸೋತಿತ್ತು.

"ಕಳಪೆ ಮಾಲು," ಎಂದ ಇನ್‌ಸ್ಪೆಕ್ಟರ್.

"ಇರಬಹುದು. ಇಲ್ಲಾ, ರಾತ್ರಿಯೆಲ್ಲ ತುಂಬಾ ದುಡಿದಿರಬಹುದು."

ತಮ್ಮನ ಕೋಣೆಯಲ್ಲಿ ಹಾಸಿಗೆ ಅರ್ಧ ಜಾರಿತ್ತು. ಡಾಕ್ಟರು ಹೇಳಿಹೋದದ್ದನ್ನು ಇನ್‌ಸ್ಪೆಕ್ಟರ್ ತಗ್ಗಿದ ದನಿಯಲ್ಲಿ ತಿಳಿಸಿದ: ಕವುಚಿ ಬಿದ್ದು ಉಸಿರು ಕಟ್ಟಿದೆ, ಯಾರಾದರೂ ಬಂದು ಮಗ್ಗುಲಿಗೆ ಹೊರಳಿಸಿದ್ದರೆ ಉಳಿಯುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಅಕ್ಕ ಅದನ್ನು ಕೇಳಿಸಿಕೊಂಡಳು. ಅವಳ ಕಣ್ಣು ಒಣಗಿತ್ತು. ಬೆರಳುಗಳು ಮಾತ್ರ ಸೆರಗಿನ ಅಂಚನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದವು, ಬಟ್ಟೆಗೆ ಅಂಚು ಕಟ್ಟುವವರ ಹಾಗೆ.

ಕೋಣೆಯ ನೇರ ಕೆಳಗೇ ಕಾರ್ಖಾನೆ. ಅಲ್ಲಿನ ಕಟಿಂಗ್ ಮಾಸ್ಟರ್ ಮೇಜಿನ ಮೇಲೆ ಕೈಯೂರಿ ನಿಂತಿದ್ದ. ಬೆಲ್ ಹೊಡೆದಾಗಲೆಲ್ಲ ಕತ್ತರಿ ಜಾರಿ ಬಟ್ಟೆ ಹಾಳಾಗುತ್ತದೆಂದು ಅವನು ಹಿಂದಿನ ವಾರ ಜಗಳ ತೆಗೆದಿದ್ದ. ಅದಕ್ಕೇ ಪೊಲೀಸರು ತನ್ನನ್ನೂ ಹುರಿದು ಮುಕ್ಕುತ್ತಾರೆಂಬ ಭಯ ಅವನಿಗಿತ್ತು.

"ಬೆಳಿಗ್ಗೆ ಬೆಲ್ ಹೊಡೆದಾಗ ಎಲ್ಲಿದ್ರಿ?"

"ಇಲ್ಲೇ ಮೇಡಂ. ಬಂದು ಮೇನ್ ಸ್ವಿಚ್ ಎತ್ತಿದೆ. ಇಸ್ತ್ರಿ ಪೆಟ್ಟಿಗೆ ದೀಪ, ಫ್ಯಾನು, ಎಲ್ಲಾ ಬಂತು. ಕೋಟು ಮೊಳೆಗೆ ಹಾಕೋದ್ರೊಳಗೆ ಬೆಲ್."

ಅತ್ತಿಗೆ ಕಣ್ಣೆತ್ತಿ ಗೋಡೆ ನೋಡಿದಳು. ಉಗಿ ಎಳೆಯುವ ಫ್ಯಾನನ್ನು ಮನೆ ಜಾಲಕ್ಕೆ ಸೇರಿದ ಒಂದು ಬಿಳಿ ಸ್ಮಾರ್ಟ್ ಪ್ಲಗ್‌ಗೆ ಸಿಕ್ಕಿಸಿದ್ದರು. ಮೆಟ್ಟಿಲ ತಿರುವಿನಲ್ಲೂ ಅಂಥದೇ ಒಂದನ್ನು ಅವಳು ಕಂಡಿದ್ದಳು. ಮೇಜಿನ ಮೇಲೆ ಬಿಳಿ ಚಾಕಿನ ತುಣುಕುಗಳು ಬಿದ್ದಿದ್ದವು.

"ನೀಲಿ ಚಾಕ್ ಇಲ್ವಾ?"

"ಅಯ್ಯೋ, ಅದನ್ನ ನಾವ್ಯಾರೂ ಮುಟ್ಟಂಗಿಲ್ಲ," ಎಂದು ಅವನು ನಗಲು ಹೋಗಿ ನಿಲ್ಲಿಸಿದ. "ಅದು ಅಕ್ಕನ ಡಬ್ಬಿ. ಅವರ ಸೂಜಿಗಳೂ ಅದರಲ್ಲೇ. ಮಧ್ಯಾಹ್ನ ನಾವೆಲ್ಲ ಊಟಕ್ಕೆ ಹೋದಾಗ ಒಬ್ಬರೇ ಕೂತು ಕೈಹೊಲಿಗೆ ಹಾಕ್ತಾರೆ."

ಮೈದುನ ಅತ್ತಿಗೆಯ ಮುಖ ನೋಡಿದ. ಅದರಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ.

ಸಂಜೆ ಎಲ್ಲರೂ ಹಜಾರದಲ್ಲಿ ಸೇರಿದರು. ಅತ್ತಿಗೆ ಕಪಾಟಿನಿಂದ ಹೆಚ್ಚುವರಿ ಕೈಪಟ್ಟಿಯೊಂದನ್ನು ತರಿಸಿಕೊಂಡಿದ್ದಳು.

"ಈ ಪಟ್ಟಿಯ ದನಿ ಸಣ್ಣದು," ಎಂದು ಆರಂಭಿಸಿದಳು. "ಹಜಾರದ ಈ ಪರದೆ ಪೆಟ್ಟಿಗೆವರೆಗೆ ಅದು ಒಂದೇ ಏಟಿಗೆ ಮುಟ್ಟಲ್ಲ. ಹತ್ತಿರದ ಪ್ಲಗ್‌ಗೆ ಹೇಳುತ್ತೆ, ಪ್ಲಗ್ ಪೆಟ್ಟಿಗೆಗೆ ದಾಟಿಸುತ್ತೆ. ಕಿಟಕಿ ಸೆನ್ಸರ್ ಇದ್ದಲ್ಲೇ ಇರುತ್ತೆ, ಅದಕ್ಕೆ ತೊಂದರೆ ಇಲ್ಲ. ಆದರೆ ಪಟ್ಟಿ ಮನುಷ್ಯನ ಜೊತೆ ಓಡಾಡುತ್ತೆ. ಒಳ್ಳೇ ಮಾಲಾದ್ರೆ ಹೋದಲ್ಲಿ ಹೊಸ ಪ್ಲಗ್ ಹುಡುಕಿಕೊಳ್ಳುತ್ತೆ. ಇದು ಹಟಮಾರಿ. ಯಾವ ಪ್ಲಗ್ ಮೂಲಕ ಸೇರಿಸಿದ್ರೋ ಅದನ್ನೇ ಕೂಗ್ತಾ ಇರುತ್ತೆ. ಇದನ್ನೀಗ ಮೆಟ್ಟಿಲ ಪ್ಲಗ್ ಮೂಲಕ ಸೇರಿಸಿದ್ದೀನಿ. ಹೋಗಪ್ಪ."

ಮೈದುನ ತಮ್ಮನ ಕೋಣೆಗೆ ಹೋಗಿ ಪಟ್ಟಿಯನ್ನು ಹಾಸಿಗೆಯ ಮೇಲಿಂದ ನೆಲಕ್ಕೆ ಬೀಳಿಸಿದ. ಮನೆಯ ಬೆಲ್‌ಗಳೆಲ್ಲ ಹೊಡೆದುಕೊಂಡವು. ಅಕ್ಕ ಎರಡೂ ಕಿವಿ ಮುಚ್ಚಿಕೊಂಡದ್ದನ್ನು ಅವನು ಹಜಾರಕ್ಕೆ ಹಿಂದಿರುಗುವಾಗ ಕಂಡ.

ಎರಡನೆಯ ಸಲ ಅತ್ತಿಗೆ ಪಟ್ಟಿಯನ್ನು ಕಾರ್ಖಾನೆಯ ಪ್ಲಗ್ ಮೂಲಕ ಸೇರಿಸಿದಳು. ಮಾಸ್ಟರ್ ಮೇನ್ ಇಳಿಸಿ ಬಂದ. ಮೈದುನ ಮತ್ತೆ ಕೋಣೆಗೆ ಹೋಗಿ ಪಟ್ಟಿ ಬೀಳಿಸಿದ. ಏನೂ ಸದ್ದಾಗಲಿಲ್ಲ. ಪರದೆಯಲ್ಲಿ ಆ ಪಟ್ಟಿಯ ಹಸಿರು ಚುಕ್ಕೆ ಕದಲಲಿಲ್ಲ.

"ಕ್ಷೇಮ ಅಂತಿದೆಯಲ್ಲ!" ಎಂದ ಇನ್‌ಸ್ಪೆಕ್ಟರ್.

"ನಮ್ಮ ಮೈದುನರ ಭಾಷೇಲಿ ಹೇಳೋದಾದ್ರೆ, ಹಳೇ ಸುದ್ದೀನ ಇವತ್ತಿನ ತಾರೀಕು ಹಾಕಿ ಅಚ್ಚು ಮಾಡಿದ್ದಾರೆ. ಹೊಸ ಸುದ್ದಿ ಬರಲಿಲ್ಲ ಅಂತ ಈ ಪರದೆ ಗಾಬರಿಯಾಗಲ್ಲ, ಕೊನೇಲಿ ಬಂದಿದ್ದನ್ನೇ ಹಿಡ್ಕೊಂಡು ಕೂರುತ್ತೆ. ಮಾಸ್ಟರ್, ಈಗ ಮೇನ್ ಎತ್ತಿ."

ಕೆಳಗೆ ಸ್ವಿಚ್ಚಿನ ಸದ್ದಾಯಿತು. ಮರುಗಳಿಗೆಯಲ್ಲೇ ಬೆಲ್‌ಗಳು ಹೊಡೆದುಕೊಂಡವು.

ಆಯಾ ಬಾಯಿಗೆ ಕೈ ಅಡ್ಡಹಿಡಿದಳು. "ಹಾಗಾದ್ರೆ ಬೆಳಿಗ್ಗೆ ಹೊಡೆದಿದ್ದು..."

"ರಾತ್ರಿ ಅವನು ಬಿದ್ದಾಗ ಹೊರಟ ಕರೆ. ಉತ್ತರ ಬರೋವರೆಗೂ ಈ ಪಟ್ಟಿ ಕರೀತಾನೇ ಇರುತ್ತೆ. ಕರೆದೂ ಕರೆದೂ ಹೊಸ ಸೆಲ್ ಬರಿದಾಗಿದೆ. ಈ ಹುಡುಗಿ ಅದನ್ನ ಕುಟ್ಟಿಲ್ಲ ಇನ್‌ಸ್ಪೆಕ್ಟರೇ. ಒಂದು ಸಲ ಕುಟ್ಟಿದ್ರೆ ಸೆಲ್ ಸಾಯಲ್ಲ. ರಾತ್ರಿ ಬೆಲ್ ಹೊಡೀಲೇ ಇಲ್ಲ, ಅವಳು ಏಳೋದಾದ್ರೂ ಹೇಗೆ?"

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಪಟ್ಟೀನ ಕಾರ್ಖಾನೆ ಪ್ಲಗ್‌ಗೆ ಸೇರಿಸಿದ್ದು ಯಾರು?"

"ನೀಲಿ ಚಾಕ್ ಮೆತ್ತಿದ ಸೂಜಿ ಇಟ್ಕೊಂಡವರು. ನಿನ್ನೆ ಮಧ್ಯಾಹ್ನ ಪಟ್ಟಿ ಕೈಯಲ್ಲಿದ್ದವರು. ಬರೀ ಸೆಲ್ ಹಾಕೋಕೆ ಆ ತೂತು ಚುಚ್ಚಬೇಕಿರಲಿಲ್ಲ."

ಯಾರೂ ಅಕ್ಕನ ಕಡೆ ನೋಡಲಿಲ್ಲ. ಅವಳೇ ಮಾತಾಡಿದಳು.

"ಬೆಲ್ ಜೋಡಿಸೋಕೆ ಬಂದವನು ಹೇಳಿದ್ದ. ಕಾರ್ಖಾನೆ ಪ್ಲಗ್‌ಗೆ ಮಾತ್ರ ಸೇರಿಸಬೇಡಿ ಅಕ್ಕ, ಮೇನ್ ಇಳಿಸಿದ್ರೆ ಬೆಲ್ ಹೊಡಿಯಲ್ಲ, ಚುಕ್ಕೆ ಮಾತ್ರ ಹಸಿರೇ ಇರುತ್ತೆ ಅಂತ. ಅವನು ಎಚ್ಚರಿಕೆಗೆ ಹೇಳಿದ್ದು. ನನ್ನ ತಲೇಲಿ ಅದು ಬೇರೆ ಥರ ಉಳ್ಕೊಳ್ತು." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಬೆಲ್ ಆರಿಸಿದ್ರೆ ಚುಕ್ಕೆ ಕೆಂಪಾಗುತ್ತೆ, ಅವನು ಹೆದರ್ತಾನೆ. ಅವನಿಗೆ ಹಸಿರು ಬೇಕಿತ್ತು. ನನಗೆ ಒಂದು ರಾತ್ರಿ ನಿದ್ದೆ ಬೇಕಿತ್ತು. ಅಮ್ಮ ಹೋದಾಗಿಂದ ಆ ಬೆಲ್ ಜೊತೆಗೇ ಬದುಕಿದ್ದೀನಿ ಮೇಡಂ. ಅನ್ನ ಕಲಸಿದ್ರೆ ಬೆಲ್, ಕಣ್ಣು ಮುಚ್ಚಿದ್ರೆ ಬೆಲ್. ಹೋಗಿ ನೋಡಿದ್ರೆ ಏನೂ ಇಲ್ಲಕ್ಕ ಅಂತ ನಗ್ತಿದ್ದ. ಅವನು ಸಾಯಲಿ ಅಂತ ಮಾಡಲಿಲ್ಲ. ಬೆಲ್ ಸಾಯಲಿ ಅಂತ ಮಾಡಿದೆ. ಒಂದೇ ಒಂದು ರಾತ್ರಿ."

"ಈ ಹುಡುಗೀನ ಹಿಡಿದಾಗ ಯಾಕೆ ಸುಮ್ಮನಿದ್ದಿರಿ?" ಎಂದ ಮೈದುನ. ಕೇಳಿದ ಮೇಲೆ, ಕೇಳಬಾರದಿತ್ತು ಎನಿಸಿತು.

"ಬಾಯಿ ಬರಲಿಲ್ಲ," ಎಂದಳು ಅಕ್ಕ. ಆಯಾಳ ಮುಖ ನೋಡದೆ, "ಕ್ಷಮಿಸು ತಾಯಿ," ಎಂದಳು.

ಇನ್‌ಸ್ಪೆಕ್ಟರ್ ಟೋಪಿ ಮತ್ತೆ ತಲೆಗಿಟ್ಟುಕೊಂಡ. "ಒಂದು ಉಳೀತು. ನಿನ್ನೆ ಸಂಜೆ ಆ ಮೇನ್ ಇಳಿಸಿದ್ದು ಯಾರು? ಅದೂ ನೀವೇನಾ?"

ಅಕ್ಕ ಸೆರಗಿನ ಅಂಚು ಮಡಿಸುತ್ತಲೇ ಇದ್ದಳು. ಅತ್ತಿಗೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಇದೊಂದನ್ನು ಅವಳು ಬೇಕೆಂದೇ ಹೇಳದೆ ಬಿಟ್ಟಿದ್ದಳೆಂದು ಮೈದುನನಿಗೆ ಆಗ ತಿಳಿಯಿತು.

"ಮತ್ಯಾರು ಸಾರ್," ಎಂದ ಮಾಸ್ಟರ್ ಕೊನೆಗೆ. "ಅಕ್ಕನ ತಮ್ಮನೇ. ದಿನಾ ಅವರೇ ಇಳಿಸೋದು. ಸೂಜಿ ಬೇಡ, ಕತ್ತರಿ ಬೇಡ, ಮೆಷಿನ್ ಬೇಡ ಅಂತ ಎಲ್ಲಾ ಕೆಲಸ ತಪ್ಪಿಸಿ ಅವರಿಗೆ ಇದೊಂದು ಉಳಿಸಿದ್ವಿ. ನಾವೆಲ್ಲ ಹೊರಗೆ ಬಂದ ಮೇಲೆ ಮೇನ್ ಎಳೆದು, 'ಕಾರ್ಖಾನೆ ಬಂದ್!' ಅಂತ ಕೂಗಿ ಮೇಲೆ ಹೋಗೋರು. ನಿನ್ನೆನೂ ಕೂಗಿದ್ರು."

ಅಕ್ಕನ ಬೆರಳುಗಳು ಸೆರಗಿನ ಮೇಲೆ ನಿಂತವು. ಅದನ್ನು ಅವಳು ಮೊದಲೇ ಯೋಚಿಸಿದ್ದಳೋ, ಈಗ ಮಾತ್ರ ಹೊಳೆಯಿತೋ, ಮೈದುನನಿಗೆ ಆ ಮುಖದಲ್ಲಿ ಓದಲಾಗಲಿಲ್ಲ.

"ಇದನ್ನ ಕೊಲೆ ಅನ್ನಲಾ, ಅಜಾಗರೂಕತೆ ಅನ್ನಲಾ?" ಎಂದು ಇನ್‌ಸ್ಪೆಕ್ಟರ್ ಅತ್ತಿಗೆಯ ಕಿವಿಯ ಬಳಿ ಕೇಳಿದ.

"ಹೆಸರಿಡೋದು ನಿಮ್ಮ ಇಲಾಖೆ ಕೆಲಸ. ಕಿಡಿ ಎಲ್ಲಿಂದ ಹಾರ್ತು ಅನ್ನೋದಷ್ಟೇ ನಂಗೆ ಗೊತ್ತಿರೋದು."

ಆಯಾಗೆ, ನೀನಿನ್ನು ಮನೆಗೆ ಹೋಗಬಹುದು ಎಂದರು. ಅವಳು ಹೋಗಲಿಲ್ಲ. "ನಂಗೂ ಚೆನ್ನಾಗಿ ನಿದ್ದೆ ಬಂದಿತ್ತು ಮೇಡಂ," ಎಂದಳು, ಇನ್ನೂ ಯಾರೋ ತನ್ನನ್ನು ವಿಚಾರಿಸುತ್ತಿದ್ದಾರೆ ಎನ್ನುವಂತೆ. ಅತ್ತಿಗೆ ಅವಳ ಭುಜದ ಮೇಲೆ ಕೈಯಿಟ್ಟಳು.

ಅಕ್ಕನನ್ನು ಜೀಪಿಗೆ ಹತ್ತಿಸಿದರು. ತಮ್ಮನ ಕೈಪಟ್ಟಿಯೂ ಲಕೋಟೆಯಲ್ಲಿ ಅದೇ ಜೀಪಿನಲ್ಲಿ ಹೋಯಿತು. ಕಾರ್ಖಾನೆ ಮುಚ್ಚುವ ಹೊತ್ತು ಮೀರಿತ್ತು. ಮಾಸ್ಟರ್ ಮೇನ್ ಸ್ವಿಚ್ಚಿನವರೆಗೆ ಹೋಗಿ, ಹಿಡಿಯ ಮೇಲೆ ಕೈಯಿಟ್ಟು, ಇಳಿಸದೆ ಹಾಗೇ ಹೊರಬಂದ. ಖಾಲಿ ಮೆಷಿನ್‌ಗಳ ಮೇಲೆ ದೀಪಗಳು ಉರಿಯುತ್ತಲೇ ಇದ್ದವು.

ಅತ್ತಿಗೆಯ ಚೀಲ ತರಲು ಮೈದುನ ಹಜಾರಕ್ಕೆ ಮರಳಿದ. ಜೀಪು ಆಗಲೇ ಬೀದಿ ದಾಟಿ ಹೋಗಿತ್ತು. ಗೋಡೆಯ ಪರದೆಯಲ್ಲಿ ತಮ್ಮನ ಚುಕ್ಕೆ ಇನ್ನೂ ಹಸಿರಾಗಿತ್ತು. ಪಕ್ಕದಲ್ಲಿ "ಕ್ಷೇಮ" ಎಂದಿತ್ತು. ಅದನ್ನು ತಿದ್ದುವುದು ಹೇಗೆಂದು ಅವನಿಗೆ ಗೊತ್ತಾಗಲಿಲ್ಲ.